ಆಲ್ ಸೀಸನ್ ಟೈರು: ಮೂರನೇ ಚಳಿಗಾಲಕ್ಕೆ ಎಷ್ಟು ಉಳಿದಿರುತ್ತದೆ?

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಎಂಜಿನ್ ನೋಡುತ್ತೇವೆ, ಓಡಿದ ಮೈಲಿ ನೋಡುತ್ತೇವೆ, ಎಲ್ಲಾದರೂ ಗುದ್ದಿಸಿದ್ದಾರಾ ಅಂತ ಕಾರಿನ ಪೂರ್ವಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ವರದಿ ತೆಗೆಸುತ್ತೇವೆ. ಟೈರಿನ ವಿಷಯಕ್ಕೆ ಬಂದರೆ ಮಾತ್ರ ‘ಆಲ್ ಸೀಸನ್ ಇದೆ ಬಿಡಿ’ ಎಂದು ಮಾರುವವನು ಅಂದದ್ದೇ ಸಾಕಾಗಿಬಿಡುತ್ತದೆ. ಊರಿನಿಂದ ಹೊಸದಾಗಿ ಬಂದು ನ್ಯೂಜೆರ್ಸಿ, ಮಿಶಿಗನ್, ಟೊರಾಂಟೊ ಕಡೆ ನೆಲೆಸಿದವರಿಗೆ ಒದ್ದೆ ರಸ್ತೆ ಹೊಸದೇನಲ್ಲ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದವರಿಗೆ ಮಳೆಯ ಪಾಠ ಬೇಕಿಲ್ಲ. ಆದರೆ ಘಟ್ಟದ ಮಳೆಯಲ್ಲಿ ಟೈರಿನ ರಬ್ಬರ್ ಬೆಚ್ಚಗೇ ಇರುತ್ತದೆ. ಇಲ್ಲಿ ನವೆಂಬರ್ ಮಳೆ ಬೀಳುವುದು ಎರಡು ಮೂರು ಡಿಗ್ರಿಯಲ್ಲಿ. ಸಂಜೆ ಹೊತ್ತಿಗೆ ಅದೇ ನೀರು ಗಡ್ಡೆ ಕಟ್ಟುತ್ತದೆ. ಟೈರಿನ ಲೆಕ್ಕ ತಿರುಗುವುದು ಅಲ್ಲಿ.

ಈ ವಿಮರ್ಶೆ ಬರೆದಿರುವುದು ಒಂದೇ ಸೆಟ್ ಟೈರಿನಲ್ಲಿ ಹನ್ನೆರಡು ತಿಂಗಳೂ ಓಡಿಸಬೇಕು ಅನ್ನುವವರಿಗೆ: ಅಪಾರ್ಟ್‌ಮೆಂಟಿನಲ್ಲಿ ಇನ್ನೊಂದು ಸೆಟ್ ಇಡಲು ಜಾಗವಿಲ್ಲ, ವರ್ಷಕ್ಕೆ ಎರಡು ಸಲ ಟೈರು ಬದಲಿಸುವ ತಾಳ್ಮೆಯೂ ಇಲ್ಲ. ಉದಾಹರಣೆಗೆ 225/65ಆರ್17 ಅಳತೆ ಹಿಡಿದುಕೊಳ್ಳೋಣ. ಟೊಯೊಟಾ ರಾವ್4ನ ಎಷ್ಟೋ ಮಾದರಿಗಳಿಗೂ ಹಳೆಯ ಹೋಂಡಾ ಸಿಆರ್‌-ವಿಗೂ ಬರುವುದು ಇದೇ.

ಮೊದಲು ಕಾರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಟೈರಿನ ಬದಿ ಓದಿ. ‘ಎಂ+ಎಸ್’ ಎಂಬ ಅಕ್ಷರಗಳು ಹೆಚ್ಚುಕಡಿಮೆ ಎಲ್ಲ ಆಲ್ ಸೀಸನ್ ಟೈರಿನಲ್ಲೂ ಕಾಣುತ್ತವೆ. ಮಡ್ ಮತ್ತು ಸ್ನೋ ಅಂತ ಅರ್ಥ. ಇದಕ್ಕೆ ಹಿಮದ ಮೇಲೆ ಯಾವ ಪರೀಕ್ಷೆಯೂ ಇಲ್ಲ. ಟ್ರೆಡ್‌ನ, ಅಂದರೆ ರಸ್ತೆಗೆ ತಾಗುವ ಅಚ್ಚಿನ ಮೈಯ, ಕಾಲುವೆಗಳು ಇಷ್ಟು ಅಗಲ, ಇಷ್ಟು ಜಾಗ ಖಾಲಿ ಇದ್ದರೆ ಸಾಕು, ಕಂಪನಿಯೇ ಅಚ್ಚು ಒತ್ತಿಕೊಳ್ಳುತ್ತದೆ. ಇನ್ನೊಂದು ಗುರುತು ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಸ್ನೋಫ್ಲೇಕ್. ಅಮೆರಿಕ ಮತ್ತು ಕೆನಡಾದ ರಬ್ಬರ್ ತಯಾರಕರ ಸಂಘಗಳು 1999ರಲ್ಲಿ ಇದನ್ನು ತಂದವು. ಮಟ್ಟಸವಾಗಿ ತುಳಿದು ಗಟ್ಟಿಯಾದ ಹಿಮದ ಮೇಲೆ ಓಡಿಸಿ, ಗೊತ್ತುಪಡಿಸಿದ ಮಾದರಿ ಟೈರಿಗಿಂತ ಕನಿಷ್ಠ ಶೇ 10ರಷ್ಟು ಹೆಚ್ಚು ಎಳೆತ ತೋರಿಸಿದರೆ ಮಾತ್ರ ಈ ಗುರುತು. ಒದ್ದೆ ಮತ್ತು ಹಿಮ ಎರಡೂ ಇರುವ ಊರಿನಲ್ಲಿ ಈ ಬೆಟ್ಟದ ಗುರುತಿಲ್ಲದ ಟೈರನ್ನು ಪಟ್ಟಿಯಿಂದಲೇ ತೆಗೆದುಹಾಕಿ. ಗುರುತಿರುವವನ್ನು ಅಂಗಡಿಯಲ್ಲಿ ‘ಆಲ್ ವೆದರ್’ ಅಂತ ಕರೆಯುತ್ತಾರೆ. ‘ಆಲ್ ಸೀಸನ್’ ಎಂದು ಕೇಳಿದರೆ ಬೇರೆ ಶೆಲ್ಫಿನದು ಕೊಡುತ್ತಾರೆ. ಹೆಸರುಗಳು ಗೊಂದಲದವು, ಗುರುತು ನೋಡಿ ಕೊಳ್ಳುವುದೇ ಸರಿ.

ಆದರೆ ಗುರುತು ಏನು ಹೇಳುವುದಿಲ್ಲ ಅನ್ನುವುದೂ ಗೊತ್ತಿರಬೇಕು. ಆ ಅಮೆರಿಕನ್ ಪರೀಕ್ಷೆ ಅಳೆಯುವುದು ಮುಂದಕ್ಕೆ ಎಳೆಯುವ ಬಲವನ್ನು. ತಿರುವಿನಲ್ಲಿ ಹಿಡಿತ, ಮಂಜುಗಡ್ಡೆಯ ಮೇಲೆ ಬ್ರೇಕು, ಯಾವುದೂ ಅದರಲ್ಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಪರೀಕ್ಷೆಗೆ ಹೋಗುವುದು ಹೊಸ ಟೈರು. ನೀವು ಓಡಿಸುವುದು ಮೂರು ನಾಲ್ಕು ವರ್ಷ ಸವೆದದ್ದನ್ನು.

ಹಿಮದಲ್ಲಿ ಟೈರು ಕೆಲಸ ಮಾಡುವ ರೀತಿ ತಮಾಷೆಯಾಗಿದೆ. ಕಾಲುವೆಯೊಳಗೆ ಹಿಮ ತುಂಬಿ ಒತ್ತಿಕೊಳ್ಳಬೇಕು. ಹಾಗೆ ತುಂಬಿಕೊಂಡ ಹಿಮವೇ ನೆಲದ ಹಿಮವನ್ನು ಕಚ್ಚುತ್ತದೆ, ಉಂಡೆ ಕಟ್ಟುವಾಗ ಹಿಮಕ್ಕೆ ಹಿಮ ಅಂಟಿದಂತೆ. ಜೊತೆಗೆ ಕಾಲುವೆಗಳ ನಡುವಿನ ಪ್ರತಿ ರಬ್ಬರ್ ಬ್ಲಾಕಿನ ಮೇಲೂ ಬ್ಲೇಡಿನಿಂದ ಗೀರಿದಂತೆ ಸಣ್ಣ ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಅಂತ ಹೆಸರು. ಒಂದೊಂದು ಸೀಳಿನ ಅಂಚೂ ಒಂದೊಂದು ಹಲ್ಲು. ಟ್ರೆಡ್ ಸವೆದಂತೆ ಕಾಲುವೆ ತೆಳುವಾಗುತ್ತದೆ, ಕೆಲವು ಟೈರುಗಳಲ್ಲಿ ಸೈಪ್‌ಗಳು ಅರ್ಧ ಆಳದಲ್ಲೇ ಮುಗಿದುಹೋಗುತ್ತವೆ. ಆಗ ಬೆಟ್ಟದ ಗುರುತು ಬದಿಯಲ್ಲಿ ಹಾಗೇ ಇರುತ್ತದೆ, ಹಲ್ಲು ಇರುವುದಿಲ್ಲ.

ಆದ್ದರಿಂದ ವಾರಂಟಿ ಮೈಲಿಯನ್ನು ಚಳಿಗಾಲದ ಮೈಲಿಗೆ ಇಳಿಸಿ ಲೆಕ್ಕ ಹಾಕಿ. ಈ ವರ್ಗದ ಹೊಸ ಟೈರಿನ ಟ್ರೆಡ್ ಸಾಮಾನ್ಯವಾಗಿ 10/32 ಇಂಚಿನ ಆಸುಪಾಸು, ಅಂದರೆ ಸುಮಾರು 8 ಮಿ.ಮೀ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ಕನಿಷ್ಠ 2/32. ವಾರಂಟಿ ಕೊಡುವವರು ಎಣಿಸುವುದೂ ಅಲ್ಲಿಯವರೆಗೆ, ಒಟ್ಟು ಎಂಟು ಭಾಗ. ಹಿಮದಲ್ಲಿ ನಂಬಬಹುದಾದದ್ದು 5/32, ಅಂದರೆ 4 ಮಿ.ಮೀ. ತನಕ. ಎಂಟು ಭಾಗದಲ್ಲಿ ಐದೇ ನಿಮ್ಮ ಪಾಲಿಗೆ. 60,000 ಮೈಲಿಯ ಟೈರು ಹಿಮದ ಮಟ್ಟಿಗೆ ಸುಮಾರು 37,500 ಮೈಲಿಯ ಟೈರು. ವರ್ಷಕ್ಕೆ 12,000 ಓಡಿಸುವವರಿಗೆ ಮೂರು ಚಳಿಗಾಲ. ನಾಲ್ಕನೆಯದಕ್ಕೆ ಕಾಲಿಟ್ಟಾಗ ಟೈರು ನೋಡಲು ಚೆನ್ನಾಗೇ ಇರುತ್ತದೆ, ಇನ್‌ಸ್ಪೆಕ್ಷನ್‌ನಲ್ಲೂ ಪಾಸಾಗುತ್ತದೆ. ಮೋಸ ಹೋಗುವುದು ಈ ಹಂತದಲ್ಲೇ.

ಈಗ ಟೈರುಗಳಿಗೆ ಬರೋಣ.

ಮಿಶೆಲಿನ್ ಕ್ರಾಸ್‌ಕ್ಲೈಮೇಟ್ 2, ವಾರಂಟಿ 60,000 ಮೈಲಿ. ಈ ಗುಂಪಿನಲ್ಲಿ ಮೊದಲು ಕೇಳಿಬರುವ ಹೆಸರು ಇದೇ, ಕಾರಣವಿಲ್ಲದೆ ಅಲ್ಲ. ಮೇಲಿನಿಂದ ನೋಡಿದರೆ ಬಾಣದ ಮೊನೆಯಂತೆ ‘ವಿ’ ಆಕಾರದ ಟ್ರೆಡ್, ನಡುವಿನಿಂದ ಎರಡೂ ಅಂಚಿಗೆ ಹರಿಯುವ ಕಾಲುವೆಗಳು. ಒಣ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಬ್ಲಾಕುಗಳು ಒಂದಕ್ಕೊಂದು ಆತುಕೊಂಡು ಗಟ್ಟಿಯಾಗಿ ನಿಲ್ಲುತ್ತವೆ. ಹೀಗಾಗಿ ಚಳಿಗಾಲದ ಟೈರಿನ ಆ ತೂಗಾಟ ಇದರಲ್ಲಿಲ್ಲ. ತುಳಿದ ಹಿಮದ ಮೇಲೆ ಎಳೆತ, ಬ್ರೇಕು ಎರಡೂ ಈ ಬೆಲೆಯ ಟೈರುಗಳಲ್ಲಿ ಮೇಲಿನ ಸಾಲಿನವು. ಕ್ರಾಸ್‌ಕ್ಲೈಮೇಟನ್ನು ಮುಂದೆ ಇಡುವುದಕ್ಕೆ ನಿಜವಾದ ಕಾರಣ ಸವೆದ ಮೇಲಿನ ನಡತೆ. ಅರ್ಧ ಸವೆದಾಗಲೂ ಒದ್ದೆಯಲ್ಲಿ ಬ್ರೇಕು ಬಹಳ ಇಳಿಯುವುದಿಲ್ಲ.

ದೋಷಗಳೂ ಇವೆ. ಟೈರಿನ ಸುತ್ತಳತೆಯಲ್ಲಿ ನೇರವಾಗಿ ಓಡುವ ಅಗಲ ಕಾಲುವೆ ಇದರಲ್ಲಿಲ್ಲ. ತೆಳುವಾದ ಒದ್ದೆಗೆ ಇದು ಏನೂ ಅಲ್ಲ. ಹೈವೇಯಲ್ಲಿ ನೀರು ನಿಂತ ಕಡೆ ವೇಗವಾಗಿ ಹೋದರೆ ತೇಲುವ ವಿಷಯದಲ್ಲಿ ಇದಕ್ಕಿಂತ ಚೆನ್ನಾಗಿರುವ ಟೈರುಗಳಿವೆ. ಸವೆದಂತೆ ಗುಂಯ್ ಎನ್ನುವ ಸದ್ದು ಏರುತ್ತದೆ, ರೊಟೇಶನ್, ಅಂದರೆ ಟೈರುಗಳ ಜಾಗ ಆಗಾಗ ಅದಲುಬದಲು ಮಾಡಿಸುವುದು, ತಪ್ಪಿಸಿದವರಿಗೆ ಇನ್ನೂ ಬೇಗ. ಪೆಟ್ರೋಲಿನ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಹೈಬ್ರಿಡ್ ಓಡಿಸುವವರ ಕಣ್ಣಿಗೆ ಇದು ಬೇಗ ಬೀಳುತ್ತದೆ. ಬೆಲೆಯೂ ಸಾಮಾನ್ಯವಾಗಿ ಗುಂಪಿನಲ್ಲಿ ಮೇಲಿನದೇ.

ಬ್ರಿಡ್ಜ್‌ಸ್ಟೋನ್ ವೆದರ್‌ಪೀಕ್ 2022ರಲ್ಲಿ ಬಂತು, ವಾರಂಟಿ 70,000 ಮೈಲಿ. ಕಾರು ನಿಶ್ಶಬ್ದವಾಗಿರಬೇಕು, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಕೂರುತ್ತಾರೆ ಅನ್ನುವವರಿಗೆ ನಮ್ಮ ಮೊದಲ ಸಲಹೆ ಇದು. ಗುಂಡಿ ದಾಟುವಾಗ ಕ್ರಾಸ್‌ಕ್ಲೈಮೇಟಿಗಿಂತ ಮೆತ್ತಗೆ, ಒದ್ದೆಯಲ್ಲಿ ಭರವಸೆಯದು. ಹಿಮದಲ್ಲಿ ಅರ್ಧ ಮೆಟ್ಟಿಲು ಕೆಳಗೆ. ಮುನಿಸಿಪಾಲಿಟಿಯವರು ಬೆಳಗ್ಗೆ ಏಳರೊಳಗೆ ಉಪ್ಪು ಹಾಕಿ ರಸ್ತೆ ತೆಗೆದುಕೊಡುವ ಬಡಾವಣೆಯಲ್ಲಿ ಆ ಅರ್ಧ ಮೆಟ್ಟಿಲು ಲೆಕ್ಕಕ್ಕೆ ಬರುವುದಿಲ್ಲ. ಬಫಲೋ, ಕ್ಲೀವ್‌ಲ್ಯಾಂಡ್ ಕಡೆ ಸರೋವರದ ಮೇಲಿಂದ ಬೀಸುವ ಗಾಳಿಗೆ ಒಂದೇ ರಾತ್ರಿಯಲ್ಲಿ ಮೊಣಕಾಲುದ್ದ ಬೀಳುವ ಊರಾದರೆ ಬರುತ್ತದೆ.

ನೋಕಿಯನ್ ರೆಮಿಡಿ ಡಬ್ಲ್ಯೂಆರ್‌ಜಿ5. ಹೌದು, ಆ ನೋಕಿಯಾದ ಬಳಗವೇ. ಫೋನಿನ ಕಂಪನಿಯಿಂದ 1988ರಲ್ಲಿ ಟೈರಿನ ವ್ಯವಹಾರ ಬೇರೆಯಾಯಿತು. 1934ರಲ್ಲೇ ಚಳಿಗಾಲಕ್ಕೆಂದು ಪ್ರತ್ಯೇಕ ಟೈರು ಮಾಡಿದ ಫಿನ್‌ಲ್ಯಾಂಡಿನವರು ಇವರು. ಅಮೆರಿಕದಲ್ಲಿ ಟೆನೆಸ್ಸಿಯ ಡೇಟನ್‌ನಲ್ಲಿ ಕಾರ್ಖಾನೆ ಇದೆ. ಅವರ ಡಬ್ಲ್ಯೂಆರ್ ಸಾಲು ಆಲ್ ವೆದರ್ ಎಂಬ ಮಾತು ಇಲ್ಲಿ ಚಾಲ್ತಿಗೆ ಬರುವ ಮೊದಲಿನಿಂದಲೂ ಇರುವಂಥದ್ದು. ನೀರು ಬೆರೆತ ಹಿಮದ ರೊಜ್ಜೆಯಲ್ಲಿ, ಅಂದರೆ ಮಾರ್ಚ್ ತಿಂಗಳ ಆ ಬೂದು ಕೆಸರಿನಲ್ಲಿ, ಇದು ನೇರ ಹೋಗುವ ರೀತಿ ನಮಗೆ ಹೆಚ್ಚು ಹಿಡಿಸುತ್ತದೆ. ರೊಜ್ಜೆ ನೀರಿಗಿಂತ ಗಟ್ಟಿ, ಹಿಮಕ್ಕಿಂತ ಮೆತ್ತಗೆ. ಅದನ್ನು ಹೊರಗೆ ತಳ್ಳಲು ಟೈರಿಗೆ ಹೆಚ್ಚು ಜಾಗ ಬೇಕು. ತೊಂದರೆ ಅಂದರೆ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಪ್ರವಾಸದ ನಡುವೆ ಒಂದು ಟೈರು ಹರಿದರೆ ಜೋಡಿ ಸಿಗುವುದು ಕಷ್ಟವಾಗಬಹುದು.

ಉಳಿದವು ಚಿಕ್ಕದಾಗಿ. ಗುಡ್‌ಇಯರ್ ಅಶ್ಯೂರೆನ್ಸ್ ವೆದರ್‌ರೆಡಿ ಸಾಲಿನ ರಬ್ಬರಿಗೆ ಸೋಯಾ ಎಣ್ಣೆ ಬೆರೆಸುತ್ತಾರೆ, ಚಳಿಯಲ್ಲಿ ಮೆತ್ತಗಿರಲೆಂದು. ಒದ್ದೆಯಲ್ಲಿ ಒಳ್ಳೆಯದು, ವಾರಂಟಿ 60,000. ಫೈರ್‌ಸ್ಟೋನ್ ವೆದರ್‌ಗ್ರಿಪ್ 65,000 ಮೈಲಿಯದು. ಬ್ರಿಡ್ಜ್‌ಸ್ಟೋನಿನದೇ ತಮ್ಮ, ಕೈಗೆಟಕುವ ಬೆಲೆ. ಲೀಸ್ ಮುಗಿಯಲು ಎರಡು ವರ್ಷ ಇದೆ ಅನ್ನುವವರಿಗೆ ಇದು ಸಾಕು, ಅದಕ್ಕಿಂತ ಹೆಚ್ಚು ಸುರಿಯಬೇಕಿಲ್ಲ.

ಮಿಶೆಲಿನ್ ಡಿಫೆಂಡರ್2ನ 80,000 ಮೈಲಿ ವಾರಂಟಿ ನೋಡಿ ಮನಸೋಲುವವರು ಬಹಳ. ಒಳ್ಳೆಯ ಟೈರೇ. ಆದರೆ ಬೆಟ್ಟದ ಗುರುತು ಇಲ್ಲ. ಡಲ್ಲಾಸಿಗೋ ಷಾರ್ಲಟ್‌ಗೋ ಕೊಂಡರೆ ಬೇಡ ಅನ್ನುವುದಿಲ್ಲ, ಡೆಟ್ರಾಯಿಟಿಗೆ ಕೊಳ್ಳಬೇಡಿ. ಹೆಚ್ಚು ಮೈಲಿ ಬಾಳುವ ರಬ್ಬರು ಸಾಮಾನ್ಯವಾಗಿ ಗಡುಸು, ಹಿಮಕ್ಕೆ ಬೇಕಾದದ್ದು ಮೆತ್ತನೆಯದು. ಎರಡೂ ಒಂದೇ ಟೈರಿನಲ್ಲಿ ಪೂರ್ತಿ ಸಿಗುವುದಿಲ್ಲ.

ಇಷ್ಟರಲ್ಲಿ ಯಾವುದೂ ಮಂಜುಗಡ್ಡೆಗೆ ಉತ್ತರವಲ್ಲ. ಮಂಜುಗಡ್ಡೆ ಅತಿ ಜಾರುವುದು ಮೈನಸ್ ಇಪ್ಪತ್ತರಲ್ಲಿ ಅಲ್ಲ, ಸೊನ್ನೆಯ ಹತ್ತಿರ, ಮೇಲೆ ನೀರಿನ ತೆಳು ಪೊರೆ ಇರುವಾಗ. ಚಳಿಗಾಲದ ಟೈರುಗಳಾದ ಬ್ಲಿಜಾಕ್, ಎಕ್ಸ್‌-ಐಸ್, ಹಕ್ಕಪೆಲಿಟ್ಟ ಇವುಗಳ ಮೆತ್ತನೆ ರಬ್ಬರೂ ಒತ್ತೊತ್ತಾದ ಸೈಪ್‌ಗಳೂ ಇರುವುದು ಆ ಪೊರೆಯನ್ನು ಒರೆಸಿ ಕೆಳಗಿನ ಗಡ್ಡೆ ಹಿಡಿಯಲು. ಮನೆ ಇಳಿಜಾರಿನ ಮೇಲಿದ್ದರೆ, ನಸುಕಿನ ಶಿಫ್ಟಿಗೆ ಉಪ್ಪು ಬೀಳುವ ಮೊದಲೇ ಹೊರಡುವ ಕೆಲಸವಾದರೆ, ವಿನಿಪೆಗ್, ಮಿನಿಯಾಪೊಲಿಸ್ ಅಂಥ ಊರಾದರೆ, ಈ ವಿಮರ್ಶೆಯನ್ನು ಇಲ್ಲಿಗೇ ಬಿಟ್ಟು ಎರಡು ಸೆಟ್ ಇಟ್ಟುಕೊಳ್ಳಿ. ಎರಡು ಸೆಟ್ ಸರದಿಯಲ್ಲಿ ಸವೆಯುವುದರಿಂದ ಟೈರಿನ ಖರ್ಚು ನೀವು ಅಂದುಕೊಂಡಷ್ಟು ಏರುವುದಿಲ್ಲ. ‘ನಮ್ಮದು ಆಲ್ ವೀಲ್ ಡ್ರೈವ್, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ’ ಅನ್ನುವ ಧೈರ್ಯ ಹೊರಡುವಾಗ ಕೆಲಸಕ್ಕೆ ಬರುತ್ತದೆ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೇ ಇದೆ, ನಿಲ್ಲುವಾಗ ನಿಮ್ಮದೇನೂ ಹೆಚ್ಚಲ್ಲ.

ಕಾನೂನು ಊರಿಗೊಂದು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟದ ಗುರುತು ಕಡ್ಡಾಯ, ಮೇಲಿನ ಆಲ್ ವೆದರ್ ಟೈರುಗಳು ಅದಕ್ಕೆ ಆಗುತ್ತವೆ. ಬ್ರಿಟಿಷ್ ಕೊಲಂಬಿಯಾದ ಗೊತ್ತಾದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ನಿಯಮ ಶುರು. ಎಂ+ಎಸ್ ಇದ್ದರೂ ನಡೆಯುತ್ತದೆ, ಟ್ರೆಡ್ ಕನಿಷ್ಠ 3.5 ಮಿ.ಮೀ. ಇರಬೇಕು. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ, ಆದರೆ ಚಳಿಗಾಲದ ಟೈರಿಗೆ ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಆಲ್ ವೆದರನ್ನು ಅದಕ್ಕೆ ಒಪ್ಪುತ್ತಾರಾ ಅಂತ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಜರ್ಮನಿಯಲ್ಲಿರುವವರಿಗೆ ಆಟ ಬದಲಾಗಿದೆ: 2024ರ ಅಕ್ಟೋಬರ್ 1ರಿಂದ ಹಿಮದ ರಸ್ತೆಯಲ್ಲಿ ಬರೀ ಎಂ+ಎಸ್ ನಡೆಯುವುದಿಲ್ಲ, ಬೆಟ್ಟದ ಗುರುತೇ ಬೇಕು. ಹಳೆಯ ಆಲ್ ಸೀಸನ್ ಹಾಕಿಕೊಂಡು ಮ್ಯೂನಿಕ್‌ನಿಂದ ಆಲ್ಪ್ಸ್ ಕಡೆ ಹೊರಟರೆ ದಂಡ ಗ್ಯಾರಂಟಿ.

ಅಂಗಡಿಯಲ್ಲಿ ಗಮನಿಸಬೇಕಾದದ್ದು ಟೈರಿನ ಆಯ್ಕೆಯಷ್ಟೇ ಮುಖ್ಯ. ಮೊದಲನೆಯದು ಅಳತೆಯ ಕೊನೆಯ ಭಾಗ. 225/65ಆರ್17 102ಎಚ್ ಅಂದರೆ 102 ಭಾರದ ಸಂಖ್ಯೆ, ಒಂದು ಟೈರು 850 ಕಿಲೊ ಹೊರುತ್ತದೆ. ‘ಎಚ್’ ಅಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿಗಿಂತ ಕಡಿಮೆ ಭಾರದ ಸಂಖ್ಯೆಯದನ್ನು ‘ಸ್ಟಾಕಿನಲ್ಲಿ ಇದೇ ಇರೋದು ಸಾರ್’ ಎಂದು ಕೊಟ್ಟರೆ ಒಪ್ಪಬೇಡಿ. ಎಲೆಕ್ಟ್ರಿಕ್ ಕಾರಿನವರು ಇದನ್ನು ಇನ್ನೂ ಬಿಗಿಯಾಗಿ ನೋಡಬೇಕು, ಬ್ಯಾಟರಿಯ ತೂಕ ಸಣ್ಣದಲ್ಲ. ಎರಡನೆಯದು ಟೈರಿನ ಬದಿಯಲ್ಲಿ ‘ಡಿಓಟಿ’ ಎಂದು ಶುರುವಾಗುವ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. 3524 ಎಂದಿದ್ದರೆ 2024ರ 35ನೇ ವಾರ ತಯಾರಾದದ್ದು. ಡಿಸ್ಕೌಂಟಿನಲ್ಲಿ ಬರುವ ಟೈರು ಮೂರು ವರ್ಷ ಗೋದಾಮಿನಲ್ಲಿ ಮಲಗಿದ್ದದ್ದೂ ಆಗಿರಬಹುದು. ಪೂರ್ತಿ ಸಂಖ್ಯೆ ಒಂದೇ ಬದಿಯಲ್ಲಿರುತ್ತದೆ, ಕೆಲವೊಮ್ಮೆ ಅದು ಒಳಬದಿಗೆ ಹೋಗಿಬಿಡುತ್ತದೆ. ಫಿಟ್ ಮಾಡುವ ಮೊದಲೇ ನೋಡಿಕೊಳ್ಳಿ.

ಮೂರನೆಯದು ದಿಕ್ಕು. ಕ್ರಾಸ್‌ಕ್ಲೈಮೇಟಿನಂಥ ‘ವಿ’ ಟ್ರೆಡ್ ಟೈರಿನ ಬದಿಯಲ್ಲಿ ‘ರೊಟೇಶನ್’ ಎಂದು ಬರೆದು ಬಾಣ ಹಾಕಿರುತ್ತಾರೆ. ಕಾರು ಮುಂದೆ ಹೋಗುವಾಗ ಚಕ್ರ ಬಾಣದ ಕಡೆಗೇ ತಿರುಗಬೇಕು. ನಾಲ್ಕು ಟೈರು ಅವಸರದಲ್ಲಿ ಹಾಕುವಾಗ ಒಂದು ಉಲ್ಟಾ ಆಗುವುದು ಅಪರೂಪವೇನಲ್ಲ. ಹಾಗಾದರೆ ನೀರನ್ನು ಅಂಚಿಗೆ ತಳ್ಳಬೇಕಾದ ಕಾಲುವೆ ನಡುವಿಗೆ ಸೇರಿಸುತ್ತದೆ, ಮಳೆಯಲ್ಲಿ ಆ ಒಂದು ಮೂಲೆ ಮೊದಲು ತೇಲುತ್ತದೆ. ಕೀ ಇಸಿದುಕೊಳ್ಳುವ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಾಲ್ಕೂ ಬಾಣ ನೋಡಿ, ಒಂದು ನಿಮಿಷದ ಕೆಲಸ. ಕೊನೆಯದು ನಟ್ಟು. ಏರ್ ಗನ್ನಿನಿಂದ ಬಿಗಿದೇ ಬಿಟ್ಟರೆ ಮುಂದೆ ರಸ್ತೆ ಬದಿಯಲ್ಲಿ ನಿಮ್ಮ ಕೈಯಲ್ಲಿ ಬಿಚ್ಚಲು ಆಗುವುದಿಲ್ಲ, ಬ್ರೇಕಿನ ಡಿಸ್ಕಿಗೂ ಸಮ ಒತ್ತಡ ಬೀಳುವುದಿಲ್ಲ. ನಟ್ಟಿನ ಬಿಗಿತ ರಾವ್4ಗೆ 76 ಪೌಂಡ್-ಅಡಿ, ಸಿಆರ್-ವಿಗೆ 80. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ‘ಟಕ್’ ಅನ್ನುವುದನ್ನು ಕೇಳಿಸಿಕೊಳ್ಳಿ, 50ರಿಂದ 100 ಮೈಲಿ ಓಡಿದ ಮೇಲೆ ಇನ್ನೊಮ್ಮೆ ನೋಡಿಸಿ.

ಅಂಗಡಿ ಯಾವುದು? ಡಿಸ್ಕೌಂಟ್ ಟೈರ್, ಕಾಸ್ಟ್ಕೊ ಎರಡರಲ್ಲೂ ಅಲ್ಲೇ ಕೊಂಡ ಟೈರಿಗೆ ರೊಟೇಶನ್, ಬ್ಯಾಲೆನ್ಸಿಂಗ್, ಪಂಕ್ಚರು ಎಲ್ಲ ಮುಂದಿನ ದಿನಗಳಲ್ಲಿ ಮಾಡಿಕೊಡುತ್ತಾರೆ. ಮೊದಲ ಬಿಲ್ಲಿನಲ್ಲಿ ಹತ್ತು ಡಾಲರ್ ಉಳಿಸಿ ಪ್ರತಿ ರೊಟೇಶನ್ನಿಗೂ ಬೇರೆ ಕಡೆ ತೆರುವುದಕ್ಕಿಂತ ಇದೇ ವಾಸಿ. ಕಾಸ್ಟ್ಕೊದಲ್ಲಿ ಅಕ್ಟೋಬರ್ ನಂತರ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಮೊದಲ ಹಿಮ ಬಿದ್ದ ಮಾರನೇ ದಿನ ಊರಿಗೆ ಊರೇ ಅಲ್ಲಿರುತ್ತದೆ. ಸೆಪ್ಟೆಂಬರಿನಲ್ಲೇ ಮುಗಿಸಿ.

ಹಾಕಿದ ಮೇಲೆ ಹೆಚ್ಚಿನವರು ಸೋಲುವುದು ಗಾಳಿಯಲ್ಲಿ. ಎಷ್ಟು ತುಂಬಬೇಕು ಅನ್ನುವುದು ಬಾಗಿಲಿನ ಸ್ಟಿಕ್ಕರಿನಲ್ಲಿದೆ, ಟೈರಿನ ಬದಿಯಲ್ಲಿರುವುದು ಗರಿಷ್ಠ ಮಿತಿ. ಸ್ಟಿಕ್ಕರಿನಲ್ಲಿ 33 ಪಿಎಸ್‌ಐ ಅಂತಿದೆ ಅನ್ನಿ. 20 ಡಿಗ್ರಿಯ ಬೆಚ್ಚಗಿನ ಗ್ಯಾರೇಜಿನಲ್ಲಿ ಅಷ್ಟು ತುಂಬಿದ ಟೈರು ಮೈನಸ್ 15ರ ಬೆಳಗ್ಗೆ 27ಕ್ಕೆ ಇಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಹಳದಿ ದೀಪ ಹತ್ತಬೇಕಾದ್ದು ಶೇ 25 ಇಳಿದಾಗ, ಅಂದರೆ 25ರ ಹತ್ತಿರ. ದೀಪ ಹತ್ತಿಲ್ಲ, ಟೈರು ಮೆತ್ತಗಾಗಿದೆ, ಕಾಲುವೆಗಳು ಮುಚ್ಚಿಕೊಂಡಿವೆ, ನೀರು ಹೊರಹೋಗಲು ದಾರಿ ಕಡಿಮೆ. ನವೆಂಬರಿನಿಂದ ಮಾರ್ಚ್ ತನಕ ತಿಂಗಳಿಗೊಮ್ಮೆ, ಕಾರು ರಾತ್ರಿಯೆಲ್ಲ ಹೊರಗೆ ನಿಂತಿದ್ದಾಗ ಅಳೆಯಿರಿ.

ಅಳತೆ ತೆಗೆಯುವಾಗ ಟ್ರೆಡ್ಡನ್ನೂ ನೋಡಿ. ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಕಾಲುವೆಗೆ ಇಳಿಸಿ. ವಾಷಿಂಗ್ಟನ್ನರ ನೆತ್ತಿ ಟ್ರೆಡ್ ಒಳಗೆ ಮುಳುಗಿದರೆ 4/32ಕ್ಕೆ ಮೋಸವಿಲ್ಲ, ಮಳೆಗೆ ಅದು ಗಡಿ. ಹಿಮಕ್ಕೆ 5/32 ಬೇಕಾದ್ದರಿಂದ ನೆತ್ತಿ ಆಗಷ್ಟೇ ಮುಟ್ಟುತ್ತಿದ್ದರೆ ಆ ಟೈರಿನ ಚಳಿಗಾಲ ಮುಗಿದಿದೆ. ಒಂದೇ ಕಡೆ ಅಲ್ಲ, ಹೊರ ಅಂಚು, ನಡು, ಒಳ ಅಂಚು ಮೂರೂ ಕಡೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆಯಾಗಿತ್ತು. ಒಳ ಅಂಚೊಂದೇ ಬೋಳಾಗಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಹೋಗಿದೆ, ಹೊಸ ಟೈರು ಹಾಕುವ ಮೊದಲು ಅದನ್ನು ಸರಿಮಾಡಿಸದಿದ್ದರೆ ಹೊಸದೂ ಹಾಗೇ ಹೋಗುತ್ತದೆ. ಅಂಗೈ ಸವರಿದಾಗ ಗರಗಸದಂತೆ ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಚುಚ್ಚಿದರೆ ರೊಟೇಶನ್ ತಡವಾಗಿದೆ. ಮೇಲೆ ಹೇಳಿದ ಗುಂಯ್ ಸದ್ದಿನ ಬೇರು ಹೆಚ್ಚಾಗಿ ಅಲ್ಲೇ ಇರುತ್ತದೆ.

ರೊಟೇಶನ್ 5,000ದಿಂದ 7,500 ಮೈಲಿಗೊಮ್ಮೆ. ದಿಕ್ಕಿರುವ ಟೈರನ್ನು ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ ಬದಲಿಸಬಹುದು. ಎಡದ್ದನ್ನು ಬಲಕ್ಕೆ ಹಾಕಬೇಕಾದರೆ ರಿಮ್ಮಿನಿಂದ ಬಿಚ್ಚಿ ತಿರುಗಿಸಬೇಕು. ಪ್ರತಿ ಸಲದ ಬಿಲ್ಲು ಇಟ್ಟುಕೊಳ್ಳಿ, ಮೈಲಿ ಬರೆಸಿ. 60,000 ಮೈಲಿಯ ವಾರಂಟಿ ಕೇಳಲು ಹೋದಾಗ ಅವರು ಮೊದಲು ಕೇಳುವುದು ಆ ಕಾಗದ. ಎರಡೇ ಟೈರು ಬದಲಿಸುವ ಪ್ರಸಂಗ ಬಂದರೆ ಹೊಸ ಜೋಡಿ ಹಿಂದಕ್ಕೆ, ಕಾರು ಫ್ರಂಟ್ ವೀಲ್ ಡ್ರೈವ್ ಆದರೂ ಸರಿ. ಮುಂದಿನ ಚಕ್ರ ಜಾರಿದರೆ ಕಾಲು ತೆಗೆದು ಸ್ಟಿಯರಿಂಗ್ ಹಿಡಿದುಕೊಂಡು ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ. ಆಲ್ ವೀಲ್ ಡ್ರೈವ್ ಕಾರಿಗೆ ಆ ಎರಡರ ಲೆಕ್ಕವೂ ಇಲ್ಲ. ಹೊಸದಕ್ಕೂ ಹಳೆಯದಕ್ಕೂ 2/32ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸುತ್ತಳತೆ ಬೇರೆಬೇರೆಯಾಗಿ, ಮುಂದಿನ ಹಿಂದಿನ ಆ್ಯಕ್ಸಲ್‌ಗಳನ್ನು ಜೋಡಿಸುವ ಕ್ಲಚ್ ಸದಾ ತಿಕ್ಕಾಡುತ್ತಾ ಬಿಸಿಯಾಗುತ್ತದೆ. ಅದರ ರಿಪೇರಿ ಖರ್ಚಿನ ಮುಂದೆ ಉಳಿದೆರಡು ಟೈರಿನ ಬೆಲೆ ಏನೂ ಅಲ್ಲ.